ಫಿಲಂ ತೊಳೆಯುವ ಕೆಲಸ, ನೆಗೆಟಿವ್ ಕಾಯುವ ಹೊಣೆ

"ರೋಲು ತೊಳೆಯಲು ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ." ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನವರೆಗೆ ಮದುವೆಯೋ ನಾಮಕರಣವೋ ಮುಗಿದ ಮನೆಗಳಲ್ಲಿ ಕೇಳಿಬರುತ್ತಿದ್ದ ಮಾತು ಇದು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ 'ಡೆವಲಪ್' ಎಂಬ ಪದವಿದ್ದರೂ ನಮ್ಮ ಜನ ಅದನ್ನು ತೊಳೆಯುವುದೆಂದೇ ಕರೆದರು. ಪದವೇನೋ ಸರಿಯಾಗಿಯೇ ಇದೆ. ನೀರು, ಪಾತ್ರೆ, ಒಂದಿಷ್ಟು ಪುಡಿ, ಕೊನೆಗೆ ಹಗ್ಗಕ್ಕೆ ಹಾಕಿ ಒಣಗಿಸುವುದು. ಮೇಲುನೋಟಕ್ಕೆ ಬಟ್ಟೆ ಒಗೆಯುವ ಕೆಲಸಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಆದರೆ ಸ್ಟುಡಿಯೋದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂಬುದು ಹೊರಗಿನ ಬೆಂಚಿನಲ್ಲಿ ಕುಳಿತವರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅದೊಂದು ಗುಟ್ಟಿನ ವಿದ್ಯೆಯೆಂಬ ಭಾವನೆ ಉಳಿದುಹೋಯಿತು.

ಈಗ ಆ ಕೋಣೆಗಳು ಬಹುಮಟ್ಟಿಗೆ ಮುಚ್ಚಿವೆ. ಡಿಜಿಟಲ್ ಕ್ಯಾಮರಾ, ಅದರ ಬೆನ್ನಿಗೇ ಮೊಬೈಲ್ ಫೋನ್ ಬಂದು ಫಿಲಂ ಉದ್ಯಮವನ್ನೇ ಅಲುಗಾಡಿಸಿದವು. ಜಗತ್ತಿಗೆ ಫೋಟೋ ತೆಗೆಯುವ ಅಭ್ಯಾಸ ಹಿಡಿಸಿದ ಕೊಡಕ್ ಕಂಪನಿಯೇ 2012ರಲ್ಲಿ ದಿವಾಳಿಯಾಗಿ ನ್ಯಾಯಾಲಯದ ಮೊರೆಹೊಕ್ಕಿತು. ನಮ್ಮ ಗಡಿಯಾಚೆಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಉದ್ಯಮ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 'ಇಂದು' ಹೆಸರಿನ ಫಿಲಂ, ಎಕ್ಸ್-ರೇ ಹಾಳೆ ಮತ್ತು ಕಾಗದಗಳನ್ನು ತಯಾರಿಸುತ್ತಿತ್ತು. ಅದೂ ಬಾಗಿಲು ಹಾಕಿದೆ. ಆದರೂ ಕಪ್ಪು ಬಿಳುಪು ಫಿಲಂ ಸತ್ತಿಲ್ಲ. ಇಂಗ್ಲೆಂಡಿನ ಇಲ್‌ಫರ್ಡ್, ಅಮೆರಿಕದ ಕೊಡಕ್, ಜೆಕ್ ದೇಶದ ಫೋಮಾ ಈಗಲೂ ಅದನ್ನು ತಯಾರಿಸುತ್ತಿವೆ. ಅಜ್ಜನ ಕಾಲದ ಕ್ಯಾಮರಾ ಹುಡುಕಿ ತೆಗೆದು, ಮನೆಯಲ್ಲೇ ಫಿಲಂ ತೊಳೆಯುವ ತರುಣ ತರುಣಿಯರು ಬೆಂಗಳೂರಿನಂಥ ನಗರಗಳಲ್ಲಿ ಕಾಣಸಿಗುತ್ತಾರೆ.

ಇದೊಂದು ಹವ್ಯಾಸ ಮಾತ್ರವಾಗಿದ್ದರೆ ಇಷ್ಟು ಹೇಳಿ ಬಿಡಬಹುದಿತ್ತು. ಆದರೆ ಕ್ಯಾಮರಾ ಮುಟ್ಟದವರ ಮನೆಯಲ್ಲೂ ಹಳೆಯ ನೆಗೆಟಿವ್‌ಗಳ ಲಕೋಟೆಗಳಿವೆ. ಆಲ್ಬಂ ಜೋಪಾನವಾಗಿರುತ್ತದೆ, ನೆಗೆಟಿವ್ ಅಟ್ಟ ಸೇರಿರುತ್ತದೆ. ನಿಜವಾಗಿ ನೋಡಿದರೆ ಆಲ್ಬಮ್ಮಿನಲ್ಲಿರುವುದು ನಕಲು, ಅಟ್ಟದಲ್ಲಿರುವುದು ಅಸಲು. ಫಿಲಂ ತೊಳೆಯುವ ಕೆಲಸ ತಿಳಿದವರಿಗೆ ಈ ವ್ಯತ್ಯಾಸ ತಾನಾಗಿ ಮನದಟ್ಟಾಗುತ್ತದೆ.

ಹಂಪಿ ಹೇಳುವ ಪಾಠ

ಅಸಲು ಉಳಿದರೆ ಏನು ಲಾಭ ಎಂಬುದಕ್ಕೆ ಹಂಪಿಯದೇ ಉದಾಹರಣೆಯಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪಿಯ ಗುಡಿ ಮಂಟಪಗಳ ಚಿತ್ರ ತೆಗೆದ. ಆಗ ಫಿಲಂ ಇರಲಿಲ್ಲ. ಮೇಣ ಸವರಿ ಪಾರದರ್ಶಕವಾಗಿಸಿದ ಕಾಗದವೇ ನೆಗೆಟಿವ್. ನೂರಕ್ಕೂ ಹೆಚ್ಚು ವರ್ಷ ಹೆಚ್ಚು ಜನರ ಕಣ್ಣಿಗೆ ಬೀಳದೆ ಉಳಿದಿದ್ದ ಆ ಹಾಳೆಗಳು ಬೆಳಕಿಗೆ ಬಂದ ಮೇಲೆ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಿಜಯವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆ ಗಾರೆಯ ಶಿಖರವಿತ್ತೆಂಬುದು ಕಣ್ಣಿಗೆ ಕಾಣುತ್ತದೆ. ಇಂದು ಅದು ರಥದ ಮೇಲಿಲ್ಲ, ನೆಗೆಟಿವ್‌ನಲ್ಲಿದೆ.

ಉಳಿಯದಿದ್ದರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಕೆಲವು ಸ್ಥಿರಚಿತ್ರಗಳಿಂದಷ್ಟೇ ಅದು ಹೇಗಿದ್ದಿರಬಹುದೆಂದು ಊಹಿಸಬೇಕು.

ಬೆಳ್ಳಿಯ ಆಟ

ಕಪ್ಪು ಬಿಳುಪು ಚಿತ್ರವೆಂದರೆ ಬೆಳ್ಳಿಯ ಚಿತ್ರ. ಪಾರದರ್ಶಕ ಪಟ್ಟಿಯೊಂದರ ಮೇಲೆ ಜೆಲಟಿನ್ ಎಂಬ ಅಂಟಿನ ತೆಳು ಲೇಪವಿರುತ್ತದೆ. ಆ ಅಂಟಿನಲ್ಲಿ ಬೆಳ್ಳಿಯ ಲವಣದ, ಮುಖ್ಯವಾಗಿ ಸಿಲ್ವರ್ ಬ್ರೋಮೈಡಿನ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹರಡಿರುತ್ತವೆ. ಕ್ಯಾಮರಾದ ಕಣ್ಣು ತೆರೆದು ಮುಚ್ಚುವಷ್ಟರಲ್ಲಿ ಬೆಳಕು ಬಿದ್ದ ಹರಳುಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಡುತ್ತವೆ. ಆಗ ಫಿಲಮ್ಮನ್ನು ಯಾವ ಭೂತಗನ್ನಡಿ ಹಿಡಿದು ನೋಡಿದರೂ ಏನೂ ಕಾಣದು. ಚಿತ್ರ ಇದೆ, ಆದರೆ ಸುಪ್ತವಾಗಿದೆ.

ಡೆವಲಪರ್ ಎಂಬ ದ್ರಾವಣ ಮಾಡುವ ಕೆಲಸ ಇಷ್ಟೇ. ಬೆಳಕು ತಾಕಿದ ಹರಳನ್ನು ಗುರುತಿಸಿ ಅದನ್ನು ಪೂರ್ತಿ ಬೆಳ್ಳಿಯಾಗಿ ಪರಿವರ್ತಿಸುತ್ತದೆ, ತಾಕದ ಹರಳನ್ನು ಹಾಗೆಯೇ ಬಿಡುತ್ತದೆ. ಸಣ್ಣ ಕಣಗಳ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಹೀಗಾಗಿ ಬೆಳಕು ಹೆಚ್ಚು ಬಿದ್ದಲ್ಲಿ ಹೆಚ್ಚು ಕಪ್ಪು. ಬಿಳಿಯ ಪಂಚೆ ನೆಗೆಟಿವ್‌ನಲ್ಲಿ ಕಪ್ಪಾಗಿಯೂ ಕಪ್ಪು ಕೋಟು ಬಿಳಿಯಾಗಿಯೂ ಕಾಣುವುದು ಇದರಿಂದ.

ಮಿಕ್ಕ ಹರಳುಗಳನ್ನು ಹಾಗೇ ಬಿಟ್ಟರೆ ಅವೂ ಬೆಳಕಿಗೆ ಕಪ್ಪಾಗುತ್ತವೆ. ಅವನ್ನು ಕರಗಿಸಿ ತೆಗೆಯುವುದು ಫಿಕ್ಸರ್. ಸ್ಟುಡಿಯೋದವರ ಬಾಯಲ್ಲಿ ಇದು 'ಹೈಪೋ'. ಈ ಲವಣ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಆಗಿನ್ನೂ ಫೋಟೋಗ್ರಫಿಯೇ ಹುಟ್ಟಿರಲಿಲ್ಲ. ಇಪ್ಪತ್ತು ವರ್ಷದ ನಂತರ, 1839ರಲ್ಲಿ, ಅದು ಚಿತ್ರಗಳನ್ನು ಕಾಯಂ ಮಾಡಲು ಉಪಯೋಗಕ್ಕೆ ಬಂತು. ನೆಗೆಟಿವ್, ಪಾಸಿಟಿವ್ ಎಂಬ ಹೆಸರುಗಳನ್ನು ಈ ಕ್ಷೇತ್ರಕ್ಕೆ ತಂದವನೂ ಅವನೇ. ಸುಪ್ತವಾದ ಚಿತ್ರವನ್ನು ರಾಸಾಯನಿಕದಿಂದ ಎಬ್ಬಿಸಬಹುದೆಂದು 1840ರಲ್ಲಿ ಕಂಡುಹಿಡಿದವನು ಹೆನ್ರಿ ಫಾಕ್ಸ್ ಟಾಲ್ಬಟ್. ಅಲ್ಲಿಂದೀಚೆಗೆ ಕಾಗದ ಹೋಗಿ ಗಾಜು ಬಂತು, ಗಾಜು ಹೋಗಿ ಫಿಲಂ ಬಂತು. ಎಬ್ಬಿಸು, ನಿಲ್ಲಿಸು, ಉಳಿಸು ಎಂಬ ಮೂರು ಹೆಜ್ಜೆಗಳು ಮಾತ್ರ ಬದಲಾಗಲಿಲ್ಲ.

ಕೋಣೆ ಬೇಡ, ಚೀಲ ಸಾಕು

ಫಿಲಂ ತೊಳೆಯಲು ಕೆಂಪು ದೀಪದ ಕೋಣೆ ಬೇಕೆಂಬುದು ಸಿನಿಮಾ ನೋಡಿ ಬಂದ ತಪ್ಪು ತಿಳಿವಳಿಕೆ. ಕೆಂಪು ದೀಪ ಕಾಗದದ ಮೇಲೆ ಪ್ರಿಂಟ್ ಹಾಕುವಾಗ ನಡೆಯುತ್ತದೆ, ಏಕೆಂದರೆ ಆ ಕಾಗದಕ್ಕೆ ಕೆಂಪು ಬೆಳಕು ತಾಕುವುದಿಲ್ಲ. ಇಂದಿನ ಸಾಮಾನ್ಯ ಫಿಲಂ ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುತ್ತದೆ. ಅದಕ್ಕೆ ಬೇಕಾದದ್ದು ಪೂರ್ಣ ಕತ್ತಲೆ, ಅದೂ ಕೆಲವೇ ನಿಮಿಷ. ಅದಕ್ಕಾಗಿ ಎರಡು ತೋಳುಗಳಿರುವ, ಬೆಳಕು ನುಗ್ಗದ ಕಪ್ಪು ಚೀಲ ಸಿಗುತ್ತದೆ. ಚೀಲದೊಳಗೆ ಕೈಹಾಕಿ, ಸೋಡಾ ಬಾಟಲಿಯ ಮುಚ್ಚಳ ತೆಗೆಯುವ ಓಪನರಿನಿಂದ ಫಿಲಂ ಡಬ್ಬಿಯ ತಲೆ ಬಿಚ್ಚಿ, ಫಿಲಮ್ಮನ್ನು ಸುರುಳಿ ಚಕ್ರಕ್ಕೆ ಸುತ್ತಿ, ಚಕ್ರವನ್ನು ಟ್ಯಾಂಕಿನಲ್ಲಿಟ್ಟು ಮುಚ್ಚಿದರೆ ಕತ್ತಲೆಯ ಕೆಲಸ ಮುಗಿಯಿತು. ದ್ರಾವಣ ಹೊಯ್ಯಲು ದಾರಿಯಿದ್ದು ಬೆಳಕು ಮಾತ್ರ ಒಳಗೆ ಹೋಗದಂತೆ ಟ್ಯಾಂಕಿನ ಮುಚ್ಚಳವನ್ನು ಮಾಡಿರುತ್ತಾರೆ. ಮುಂದಿನದೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ, ಹಗಲು ಬೆಳಕಿನಲ್ಲೇ.

36 ಚಿತ್ರಗಳ ಫಿಲಂ ಒಂದೂವರೆ ಮೀಟರಿಗಿಂತ ತುಸು ಉದ್ದ. ಅದನ್ನು ಕಾಣದೆ ಚಕ್ರಕ್ಕೆ ಸುತ್ತುವುದೇ ಇಡೀ ಕೆಲಸದ ಕಷ್ಟದ ಭಾಗ. ಚಕ್ರ ಒದ್ದೆಯಾಗಿದ್ದರೆ ಅಥವಾ ಚೀಲದೊಳಗೆ ಕೈ ಬೆವತರೆ ಫಿಲಂ ಅಂಟಿಕೊಂಡು ಮುಂದೆ ಹೋಗುವುದಿಲ್ಲ. ಹಾಳಾದ ಫಿಲಂ ಒಂದನ್ನು ಇಟ್ಟುಕೊಂಡು ಮೊದಲು ಬೆಳಕಿನಲ್ಲಿ ನೋಡಿಕೊಂಡು, ಆಮೇಲೆ ಕಣ್ಣು ಮುಚ್ಚಿಕೊಂಡು ಹತ್ತಾರು ಸಲ ಅಭ್ಯಾಸ ಮಾಡಿದರೆ ಕೈಗೆ ತಾನಾಗಿ ಬರುತ್ತದೆ.

ಡೆವಲಪರ್ ಪೊಟ್ಟಣ ಫೋಟೋ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ. ಬೇಕೆಂದರೆ ಮನೆಯಲ್ಲೂ ಮಾಡಿಕೊಳ್ಳಬಹುದು. ಕೊಡಕ್ ಕಂಪನಿ 1927ರಲ್ಲಿ ಹೊರತಂದ ಡಿ-76ರ ಸೂತ್ರ ಗುಟ್ಟೇನಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಬಿಳಿಗಾರವೆಂದರೆ ಬೋರಾಕ್ಸ್, ಕೇರಂ ಹಲಗೆಗೆ ಹಾಕುವ ಬೋರಿಕ್ ಪುಡಿಯಲ್ಲ. ಮುಕ್ಕಾಲು ಲೀಟರ್ ಬಿಸಿನೀರಿಗೆ ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ನಂತರ ಉಳಿದವು ಈ ಕ್ರಮದಲ್ಲೇ ಕರಗಿಸಬೇಕು. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಮೆಟಾಲ್ ಕರಗುವುದಿಲ್ಲ. ಕೊನೆಗೆ ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿಕೊಳ್ಳುವುದು. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಆದ್ದರಿಂದ ಕೈಗವಸು ಅಗತ್ಯ. ಅಳೆಯುವ ಪಾತ್ರೆಗಳು ಅಡುಗೆಗೆ ಹಿಂದಿರುಗಬಾರದು. ಬಾಟಲಿಗಳ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ತೊಳೆಯುವ ಕ್ರಮ

ಇಲ್‌ಫರ್ಡಿನ ಎಚ್‌ಪಿ5 ಎಂಬ ಬಹುಬಳಕೆಯ ಫಿಲಮ್ಮನ್ನೇ ತೆಗೆದುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡಿ-76ನಲ್ಲಿ ಅದಕ್ಕೆ ಏಳೂವರೆ ನಿಮಿಷ ಬೇಕು. ಅಷ್ಟೇ ನೀರು ಬೆರೆಸಿ ತೆಳುಮಾಡಿದರೆ 13 ನಿಮಿಷ. ಒಂದು ರೋಲಿಗೆ ಸುಮಾರು 300 ಮಿಲಿಲೀಟರ್ ದ್ರಾವಣ ಸಾಕು. ಹೊಯ್ದ ಮೇಲೆ ಟ್ಯಾಂಕನ್ನು ಮೊದಲ ಹತ್ತು ಸೆಕೆಂಡು, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲಿ ಹತ್ತು ಸೆಕೆಂಡು, ನಿಧಾನವಾಗಿ ತಲೆಕೆಳಗು ಮಾಡುತ್ತಿರಬೇಕು. ಪ್ರತಿಸಲವೂ ಟ್ಯಾಂಕಿನ ತಳವನ್ನು ಮೆಲ್ಲಗೆ ಕುಟ್ಟಿದರೆ ಗಾಳಿಗುಳ್ಳೆಗಳು ಬಿಡುತ್ತವೆ. ಗುಳ್ಳೆ ಕೂತಲ್ಲಿ ಡೆವಲಪರ್ ತಾಕದೆ, ಚಿತ್ರದಲ್ಲಿ ದುಂಡನೆಯ ಚುಕ್ಕೆ ಬೀಳುತ್ತದೆ.

ಸಮಯವಾದೊಡನೆ ಡೆವಲಪರ್ ಚೆಲ್ಲಿ ಹುಳಿನೀರು ಹೊಯ್ಯಬೇಕು. ಕ್ಷಾರದಲ್ಲಿ ಕೆಲಸ ಮಾಡುವ ಡೆವಲಪರ್ ಹುಳಿ ಮುಟ್ಟಿದ ತಕ್ಷಣ ನಿಂತುಹೋಗುತ್ತದೆ. ಅಂಗಡಿಯ ಬಿಳಿ ವಿನೆಗರಿಗೆ ಮೂರರಷ್ಟು ನೀರು ಬೆರೆಸಿದರೆ ಅದೇ ಹುಳಿನೀರು. ಅರ್ಧ ನಿಮಿಷ ಸಾಕು. ಅನಂತರ ಹೈಪೋ. ಎಷ್ಟು ಹೊತ್ತು ಎಂಬುದಕ್ಕೆ ಸುಲಭ ಪರೀಕ್ಷೆಯಿದೆ. ಡಬ್ಬಿಯ ಹೊರಗೆ ಉಳಿದಿದ್ದ ಫಿಲಮ್ಮಿನ ತುದಿಯನ್ನು ಕತ್ತರಿಸಿಟ್ಟುಕೊಂಡು ಹೈಪೋದಲ್ಲಿ ಅದ್ದಿ ನೋಡಬೇಕು. ಹಾಲಿನಂತೆ ಮಬ್ಬಾಗಿರುವ ತುಂಡು ತಿಳಿಯಾಗಲು ಎಷ್ಟು ನಿಮಿಷ ಹಿಡಿಯಿತೋ ಅದರ ಎರಡರಷ್ಟು ಹೊತ್ತು ಇಡೀ ರೋಲು ಅದರಲ್ಲಿರಬೇಕು.

ಕೊನೆಯದು ನೀರು. ನಲ್ಲಿಯ ಕೆಳಗೆ ಅರ್ಧ ಗಂಟೆ ಬಿಡಬೇಕೆಂದು ಹಳಬರು ಹೇಳುತ್ತಿದ್ದರು. ಈಗಿನ ಫಿಕ್ಸರುಗಳಿಗೆ ಅಷ್ಟು ಬೇಡ. ಟ್ಯಾಂಕು ತುಂಬಿ ಐದು ಸಲ ತಿರುವಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೊಮ್ಮೆ ತುಂಬಿ ಇಪ್ಪತ್ತು ಸಲ. ಇಷ್ಟರಲ್ಲಿ ಫಿಲಂ ಶುದ್ಧವಾಗುತ್ತದೆ. ಟ್ಯಾಂಕರ್ ನೀರು ಕೊಂಡು ಬದುಕುವ ಬಡಾವಣೆಗಳಿಗೆ ಈ ಕ್ರಮವೇ ಒಳ್ಳೆಯದು.

ನಮ್ಮ ಬಿಸಿಲು, ನಮ್ಮ ನೀರು

ಪುಸ್ತಕಗಳು ಹೇಳುವ 20 ಡಿಗ್ರಿ ಇಂಗ್ಲೆಂಡಿನ ಲೆಕ್ಕ. ಡಿಸೆಂಬರಿನ ಬೆಂಗಳೂರಿನಲ್ಲಿ ನಲ್ಲಿಯ ನೀರು ಅದರ ಹತ್ತಿರ ಬರಬಹುದು, ಮೇ ತಿಂಗಳ ರಾಯಚೂರಿನಲ್ಲಿ ತೊಟ್ಟಿಯ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ಬಿಸಿ ಹೆಚ್ಚಿದಂತೆ ಡೆವಲಪರಿನ ವೇಗ ಹೆಚ್ಚಿ ನೆಗೆಟಿವ್ ವಿಪರೀತ ಕಪ್ಪಾಗುತ್ತದೆ, ಜೆಲಟಿನ್ ಮೆತ್ತಗಾಗಿ ಗೀರು ಬೀಳುತ್ತದೆ. ಒಂದು ದ್ರಾವಣ ತಣ್ಣಗೆ, ಇನ್ನೊಂದು ಬಿಸಿ ಇದ್ದರೆ ಜೆಲಟಿನ್ ಸುಕ್ಕುಗಟ್ಟಿ ಚಿತ್ರವೆಲ್ಲ ಬಿರುಕು ಬಿಟ್ಟ ಕೆರೆಯಂಗಳದಂತೆ ಕಾಣುವುದೂ ಉಂಟು.

ಉಪಾಯ ಕಷ್ಟದ್ದಲ್ಲ. ಅಗಲವಾದ ಬೋಗುಣಿಯಲ್ಲಿ ನೀರು, ಫ್ರಿಜ್ಜಿನ ಐಸು ಹಾಕಿ ಎಲ್ಲ ಬಾಟಲಿಗಳನ್ನೂ ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿಕೊಂಡು ಒಂದೇ ಮಟ್ಟಕ್ಕೆ ತರಬೇಕು. 20ಕ್ಕೆ ಇಳಿಯದಿದ್ದರೆ 24ರಲ್ಲೇ ನಿಂತು ಸಮಯ ಕಡಿಮೆ ಮಾಡಬಹುದು. 13 ನಿಮಿಷದ ಕೆಲಸ ಅಲ್ಲಿ ಸುಮಾರು 9 ನಿಮಿಷಕ್ಕೆ ಮುಗಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಮಾತ್ರ ಚಿತ್ರದ ಮೇಲೆ ಪಟ್ಟೆ ಪಟ್ಟೆ ಮೂಡುವ ಅಪಾಯವಿದೆ. ಸೆಕೆನಾಡಿನಲ್ಲಿ ತೆಳು ಡೆವಲಪರ್ ಅನುಕೂಲವಾಗುವುದು ಈ ಕಾರಣಕ್ಕೆ.

ಬೋರ್‌ವೆಲ್ಲಿನ ಗಡಸು ನೀರು ಇನ್ನೊಂದು ತೊಡಕು. ಒಣಗಿದ ಮೇಲೆ ಸುಣ್ಣದ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕಡೆಯದಾಗಿ ಒಮ್ಮೆ ಅದ್ದಿದರೆ ಅದು ತಪ್ಪುತ್ತದೆ. ಒಣಹಾಕಲು ಬಚ್ಚಲುಮನೆಯೇ ಪ್ರಶಸ್ತ, ಏಕೆಂದರೆ ನೀರು ಚೆಲ್ಲಿದ ಕೋಣೆಯಲ್ಲಿ ಧೂಳು ಹಾರುವುದಿಲ್ಲ. ಮೇಲೊಂದು ಬಟ್ಟೆ ಕ್ಲಿಪ್ಪು, ಭಾರಕ್ಕೆ ಕೆಳಗೊಂದು. ಫ್ಯಾನು ಹಾಕದೆ ಎರಡು ಮೂರು ಗಂಟೆ ಬಿಟ್ಟರೆ ಆಯಿತು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಬಾವಿ, ಕೆರೆ, ಗಿಡದ ಬುಡಕ್ಕೆ ಸುರಿಯಬಾರದು.

ನೆಗೆಟಿವ್‌ನಿಂದ ಕಂಪ್ಯೂಟರಿಗೆ

ಹಿಂದೆ ಮುಂದಿನ ಹಂತಕ್ಕೆ ಎನ್‌ಲಾರ್ಜರ್, ಕಾಗದ, ತಟ್ಟೆಗಳಿರುವ ಕತ್ತಲೆ ಕೋಣೆ ಬೇಕೇ ಬೇಕಿತ್ತು. ಈಗ ಆ ಜಾಗಕ್ಕೆ ಸ್ಕ್ಯಾನಿಂಗ್ ಬಂದಿದೆ. ಫಿಲಮ್ಮಿಗೆಂದೇ ಇರುವ ಸ್ಕ್ಯಾನರ್, ಮುಚ್ಚಳದಲ್ಲೂ ದೀಪವಿರುವ ಚಪ್ಪಟೆ ಸ್ಕ್ಯಾನರ್, ಇಲ್ಲವೇ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಮ್ಯಾಕ್ರೋ ಲೆನ್ಸಿನಿಂದ ಚಿತ್ರ ತೆಗೆಯುವ ಡಿಜಿಟಲ್ ಕ್ಯಾಮರಾ, ಈ ಮೂರೂ ದಾರಿಗಳಿವೆ. ಕಚೇರಿಯ ಜೆರಾಕ್ಸ್ ಸ್ಕ್ಯಾನರ್ ಆಗದು, ಅದರ ಬೆಳಕು ಫಿಲಂ ದಾಟಿ ಬರುವುದಿಲ್ಲ.

35 ಮಿಲಿಮೀಟರ್ ಫಿಲಮ್ಮಿನ ಒಂದು ಚಿತ್ರ 24ಕ್ಕೆ 36 ಮಿಲಿಮೀಟರ್. ಇಂಚಿಗೆ 2400 ಚುಕ್ಕೆಗಳಂತೆ ಓದಿಸಿದರೆ ಉದ್ದಕ್ಕೆ ಸುಮಾರು 3400, ಅಗಲಕ್ಕೆ 2270, ಒಟ್ಟು 77 ಲಕ್ಷ ಚುಕ್ಕೆಗಳಾಗುತ್ತವೆ. ಹನ್ನೊಂದು ಇಂಚು ಅಗಲದ ಒಳ್ಳೆಯ ಪ್ರಿಂಟಿಗೆ ಇದು ಸಾಲುತ್ತದೆ. ಫಿಲಮ್ಮಿಗೆ ಒಂದು ಬದಿ ಹೊಳಪು, ಇನ್ನೊಂದು ಮಂಕು. ಮಂಕು ಬದಿಯೇ ಬೆಳ್ಳಿಯಿರುವ ಬದಿ, ಅದನ್ನು ಮುಟ್ಟಬಾರದು. ಮಗುಚಿ ಇಟ್ಟರೆ ಚಿತ್ರದಲ್ಲಿ ಎಡ ಬಲ ಅದಲುಬದಲಾಗುತ್ತದೆ. ಸೀರೆಯ ಸೆರಗು, ಅಂಗಡಿ ಬೋರ್ಡಿನ ಅಕ್ಷರ ನೋಡಿ ಇದನ್ನು ಪತ್ತೆಹಚ್ಚಬಹುದು.

ಬಣ್ಣದ ಫಿಲಮ್ಮಿನ ಧೂಳು, ಗೀರುಗಳನ್ನು ಕೆಲವು ಸ್ಕ್ಯಾನರುಗಳು ತಾವೇ ಅಳಿಸುತ್ತವೆ. ಅವು ಅತಿಕೆಂಪು ಕಿರಣ ಹಾಯಿಸಿ ಧೂಳನ್ನು ಗುರುತಿಸುತ್ತವೆ. ಬಣ್ಣದ ಫಿಲಮ್ಮಿನ ವರ್ಣದ್ರವ್ಯ ಆ ಕಿರಣವನ್ನು ಬಿಡುತ್ತದೆ, ಕಪ್ಪು ಬಿಳುಪಿನ ಬೆಳ್ಳಿ ತಡೆಯುತ್ತದೆ. ಹೀಗಾಗಿ ಯಂತ್ರ ಚಿತ್ರವನ್ನೇ ಧೂಳೆಂದು ತಿಳಿದು ಕೆಡಿಸುತ್ತದೆ. ನಮ್ಮ ನೆಗೆಟಿವ್‌ಗಳಿಗೆ ಆ ಸೌಲಭ್ಯ ಆರಿಸಿಟ್ಟು, ರಬ್ಬರ್ ಬ್ಲೋಯರಿನಿಂದ ಮೊದಲೇ ಧೂಳು ಊದಿ ತೆಗೆಯುವುದೇ ಸರಿ.

ಅಟ್ಟದ ಲಕೋಟೆ

ಮನೆಯಲ್ಲಿರುವ ಹಳೆಯ ನೆಗೆಟಿವ್‌ಗಳಿಗೆ ಡೆವಲಪರೂ ಬೇಡ, ಹೈಪೋವೂ ಬೇಡ. ಈ ಕೊನೆಯ ಹಂತವೊಂದೇ ಸಾಕು. ಒಳಗೇನಿದೆಯೆಂದು ತಿಳಿಯಬೇಕಿದ್ದರೆ ಸ್ಕ್ಯಾನರೂ ಬೇಕಿಲ್ಲ. ಒಂದು ಫೋನಿನ ಪರದೆಯನ್ನು ಬಿಳಿ ಮಾಡಿ, ಅದರಿಂದ ತುಸು ಮೇಲೆ ನೆಗೆಟಿವ್ ಹಿಡಿದು, ಇನ್ನೊಂದು ಫೋನಿನಲ್ಲಿ ಚಿತ್ರ ತೆಗೆದು ಬಣ್ಣ ತಿರುಗಿಸಿದರೆ ಮುಖಗಳು ಕಾಣುತ್ತವೆ. ದುಡ್ಡು ಉಳಿಸಲೆಂದು ಆಗೆಲ್ಲ ಚೆನ್ನಾಗಿ ಬಂದ ನಾಲ್ಕಾರು ಚಿತ್ರಗಳನ್ನಷ್ಟೇ ಪ್ರಿಂಟ್ ಹಾಕಿಸುತ್ತಿದ್ದರು. ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಿಹೋಗುತ್ತಿತ್ತು. ಹಾಗಾಗಿ ಆಲ್ಬಮ್ಮಿನಲ್ಲಿ ಎಲ್ಲೂ ಕಾಣದ ಅಜ್ಜಿಯೋ, ಬೇಗ ತೀರಿಕೊಂಡ ಚಿಕ್ಕಪ್ಪನೋ ನೆಗೆಟಿವ್‌ನ ಮೂಲೆಯಲ್ಲಿ ನಿಂತಿರುವ ಸಾಧ್ಯತೆ ಇದ್ದೇ ಇದೆ.

ಇವುಗಳ ಶತ್ರುಗಳು ತೇವ ಮತ್ತು ಶಾಖ. ಜೆಲಟಿನ್ ಪ್ರಾಣಿಜನ್ಯ ವಸ್ತು, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಬೂಸ್ಟಿಗೆ ಅದು ಒಳ್ಳೆಯ ಆಹಾರ. ಬೂಸ್ಟು ಹಿಡಿದ ಫಿಲಮ್ಮನ್ನು ನೀರಿನಿಂದ ಒರೆಸಿದರೆ ಚಿತ್ರವೇ ಕರಗಿ ಬರಬಹುದು. ಅಸಿಟೇಟ್ ಪಟ್ಟಿಯ ಫಿಲಂ ಹಳತಾದಂತೆ ವಿನೆಗರಿನ ವಾಸನೆ ಬಿಡುತ್ತದೆ, ಮುದುಡುತ್ತದೆ. ಅದು ಪಕ್ಕದವಕ್ಕೂ ಹರಡುವುದರಿಂದ ಬೇರೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು. 1950ರ ದಶಕದ ಆರಂಭಕ್ಕೂ ಹಿಂದಿನ ಕೆಲವು ಫಿಲಂಗಳು ನೈಟ್ರೇಟಿನವು, ಬೇಗ ಬೆಂಕಿ ಹಿಡಿಯುವಂಥವು. ಅವನ್ನು ಬಿಸಿ ದೀಪದ ಹತ್ತಿರ ತರಬಾರದು. ಉಳಿದವನ್ನು ಕಾಗದದ ಇಲ್ಲವೇ ಪಾಲಿಪ್ರೊಪಿಲೀನ್ ಹೊದಿಕೆಯಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಅಟ್ಟದ ಬದಲು ಮನೆಯ ತಂಪಾದ ಬೀರುವಿನಲ್ಲಿಟ್ಟರೆ ಸಾಕು.

ಸ್ಕ್ಯಾನ್ ಆಯಿತಲ್ಲ, ಇನ್ನು ನೆಗೆಟಿವ್ ಏಕೆ ಎಂದು ಎಸೆಯುವವರೂ ಇದ್ದಾರೆ. ಹಾರ್ಡ್ ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದು ಒಂದೇ ಸಲಕ್ಕೆ ಹೋಗುತ್ತದೆ. ನೆಗೆಟಿವ್ ಕೆಡುವುದಾದರೂ ನಿಧಾನವಾಗಿ ಕೆಡುತ್ತದೆ, ಅದನ್ನು ಓದಲು ಕಣ್ಣು ಮತ್ತು ಬೆಳಕಿದ್ದರೆ ಸಾಕು. ಗ್ರೀನ್‌ಲಾನ ಹಾಳೆಗಳನ್ನು 127 ವರ್ಷಗಳ ನಂತರವೂ ಓದಲು ಸಾಧ್ಯವಾದದ್ದು ಹೀಗೆ. ಸ್ಕ್ಯಾನು ಹಂಚಿಕೊಳ್ಳಲು, ನೆಗೆಟಿವ್ ಉಳಿಸಿಕೊಳ್ಳಲು.

ಇನ್ನೊಂದು ಮಾತು. ನೆಗೆಟಿವ್‌ನಲ್ಲಿ ಮುಖವಿರುತ್ತದೆ, ಹೆಸರಿರುವುದಿಲ್ಲ. ಯಾರು, ಯಾವ ಊರು, ಯಾರ ಮದುವೆ ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು ಉಳಿದಿರುತ್ತಾರೆ. ಫಿಲಮ್ಮಿಗೆ ಇನ್ನೂ ಐವತ್ತು ವರ್ಷ ಕಾಯುವ ಶಕ್ತಿಯಿರಬಹುದು, ಅವರಿಗಿಲ್ಲ. ಈ ಭಾನುವಾರ ಲಕೋಟೆ ಇಳಿಸಿ ಅವರ ಪಕ್ಕದಲ್ಲಿ ಕುಳಿತು, ಒಂದೊಂದರ ಹೊದಿಕೆಯ ಮೇಲೂ ಪೆನ್ಸಿಲಿನಲ್ಲಿ ಹೆಸರು ಬರೆದಿಡಬಹುದು. ಸ್ಕ್ಯಾನಿಂಗ್ ಆಮೇಲೆ ಮಾಡಿದರೂ ನಡೆಯುತ್ತದೆ.